ದೊಡ್ಡಪ್ಪನ ದುಡ್ಡು ಕಾಂಬೋಡಿಯಾ ಕಡೆ ಹೋಯಿತಂತೆ. ಇಂಟರ್‌ಪೋಲ್‌ಗೆ ದೂರು ಕೊಡೋದು ಹೇಗೆ?

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ತಲೆಬರಹ ನೋಡಿ ನಗಬೇಡಿ, ಪ್ರಶ್ನೆ ನಿಜವಾದದ್ದೇ.

ನಮ್ಮ ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಹೋದ ತಿಂಗಳು ಅವರಿಗೆ ಒಂದು ವಿಡಿಯೊ ಕಾಲ್ ಬಂತು. ಆ ಕಡೆ ಖಾಕಿ ಹಾಕಿದವನು, ಅವನ ಹಿಂದೆ ಗೋಡೆಯ ಮೇಲೆ ಲಾಂಛನ. ‘ನಿಮ್ಮ ಆಧಾರ್ ಮೇಲೆ ಹೋದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಅಂದನಂತೆ. ಎರಡು ದಿನ ದೊಡ್ಡಪ್ಪ ಕೋಣೆಯಿಂದ ಹೊರಗೆ ಬರಲಿಲ್ಲ. ‘ಪೆನ್ಶನ್ ವಿಷಯ, ಮಾತಾಡಿಸಬೇಡ’ ಅಂತ ದೊಡ್ಡಮ್ಮನಿಗೆ ಹೇಳಿದ್ದರು. ಆಕೆ ಊಟದ ತಟ್ಟೆಯನ್ನು ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದರು. ಮೂರನೇ ದಿನ ನೋಡಿದರೆ ಎಫ್‌ಡಿ ಒಡೆದು 11 ಲಕ್ಷ 40 ಸಾವಿರ ಕಳಿಸಿದ್ದಾರೆ.

ಠಾಣೆಗೆ ಹೋದೆವು. ದೂರು ತಗೊಂಡರು. ಅಲ್ಲಿದ್ದವರೊಬ್ಬರು ಕಂಪ್ಯೂಟರ್ ನೋಡಿ, ‘ಸರ್, ದುಡ್ಡು ಐದಾರು ಖಾತೆ ದಾಟಿದೆ. ಕಾಲ್ ಮಾಡಿದವರು ಕಾಂಬೋಡಿಯಾದಲ್ಲೋ ಬರ್ಮಾದಲ್ಲೋ ಇರುತ್ತಾರೆ, ಅದು ನಮ್ಮ ಸರಹದ್ದಿಗೆ ಬರಲ್ಲ. ಇಂಟರ್‌ಪೋಲ್ ಲೆವೆಲ್ ಕೇಸು’ ಅಂದರು. ಅಷ್ಟೇ ಸಾಕಾಯಿತು. ಅವತ್ತಿನಿಂದ ದೊಡ್ಡಪ್ಪನದು ಒಂದೇ ಹಟ: ‘ಇಂಟರ್‌ಪೋಲ್‌ಗೆ ಒಂದು ಅರ್ಜಿ ಬರೆದುಕೊಡು, ನಾನು ಸಹಿ ಹಾಕುತ್ತೇನೆ.’

ದಾವಣಗೆರೆಯ ದುಡ್ಡು ಒಂದು ಗಂಟೆಯಲ್ಲಿ ಸಮುದ್ರ ದಾಟುತ್ತೆ ಅಂದರೆ, ದೂರು ಯಾಕೆ ದಾಟಲ್ಲ?

ಸಿನಿಮಾ_ಹುಚ್ಚ

ಇಂಟರ್‌ಪೋಲ್ ಅಂದರೆ ಕಪ್ಪು ಕನ್ನಡಕ, ಕೋಟು, ಹೆಲಿಕಾಪ್ಟರ್ ಅಲ್ವಾ? ಹೈಸ್ಕೂಲ್ ಮೈದಾನದಲ್ಲಿ ಇಳಿಸಿ, ಜಾಗ ಜಾಸ್ತಿ ಇದೆ.

ಹಳೇ_ಕಡತ

ಹೆಲಿಕಾಪ್ಟರ್ ಇಲ್ಲ ತಮ್ಮಾ. ನಾನು ಪೊಲೀಸ್ ಇಲಾಖೆಯಲ್ಲಿ ಬರವಣಿಗೆ ಕೆಲಸ ಮಾಡಿ ನಿವೃತ್ತನಾದವನು. ಈ ಕಾಗದಗಳು ನನ್ನ ಟೇಬಲ್ ಮೇಲೂ ಓಡಾಡಿವೆ.

ಇಂಟರ್‌ಪೋಲ್‌ಗೆ ಸ್ವಂತ ಲಾಠಿ ಇಲ್ಲ, ಲಾಕಪ್ ಇಲ್ಲ. ಅದರವರು ಬಂದು ಯಾರನ್ನೂ ಹಿಡಿಯುವುದಿಲ್ಲ. ಒಂದು ದೊಡ್ಡ ಅಂಚೆ ಕಚೇರಿ ಅಂದುಕೊಳ್ಳಿ, ಜೊತೆಗೆ ಒಂದು ದೊಡ್ಡ ರಿಜಿಸ್ಟರು. ಮುಖ್ಯ ಕಚೇರಿ ಫ್ರಾನ್ಸ್‌ನ ಲಿಯಾನ್‌ನಲ್ಲಿದೆ. 196 ದೇಶಗಳು ಸದಸ್ಯರು, ಒಂದೊಂದು ದೇಶದಲ್ಲೂ ಒಂದೊಂದು ಶಾಖೆ. ನಮ್ಮ ದೇಶದಲ್ಲಿ ಆ ಶಾಖೆ ಅಂದರೆ ಸಿಬಿಐ. ಹಾಗಾಗಿ ನಿಮ್ಮ ದೊಡ್ಡಪ್ಪ ನೇರವಾಗಿ ಬರೆಯುವ ಹಾಗಿಲ್ಲ. ಠಾಣೆಯಿಂದ ಎಸ್‌ಪಿ ಕಚೇರಿ, ಅಲ್ಲಿಂದ ರಾಜ್ಯದ ಕಚೇರಿ, ಅಲ್ಲಿಂದ ದಿಲ್ಲಿಯ ಸಿಬಿಐ, ಆಮೇಲೆ ಲಿಯಾನ್. ಉತ್ತರ ಬರುವುದೂ ಇದೇ ಮೆಟ್ಟಿಲಲ್ಲಿ.

ನನ್ನ ಕಾಲದಲ್ಲಿ ಪತ್ರ, ಫ್ಯಾಕ್ಸ್, ಆಮೇಲೆ ಇಮೇಲ್. ‘ಕಾಲಂ 14 ಖಾಲಿ ಬಿಟ್ಟಿದ್ದೀರಿ’ ಅಂತ ಒಂದು ಅರ್ಜಿ ವಾಪಸ್ ಬಂದರೆ ಎರಡು ತಿಂಗಳು ಹೋಯಿತು ಅಂತಲೇ ಲೆಕ್ಕ. 2025ರ ಜನವರಿಯಲ್ಲಿ ‘ಭಾರತ್‌ಪೋಲ್’ ಅಂತ ಪೋರ್ಟಲ್ ಶುರು ಮಾಡಿದ್ದಾರೆ. ಈಗ ರಾಜ್ಯ, ಜಿಲ್ಲೆಯ ಪೊಲೀಸರ ಕೋರಿಕೆ ಅದರಲ್ಲೇ ಸಿಬಿಐಗೆ ಹೋಗುತ್ತದೆ. ಒಳ್ಳೆಯದೇ. ಕಾಲಂ ಮಾತ್ರ ಈಗಲೂ ತುಂಬಬೇಕು.

ಹಾಗಂತ ಇದು ಇಂಟರ್‌ನೆಟ್ ಬಂದ ಮೇಲೆ ಹುಟ್ಟಿದ ಸಮಸ್ಯೆ ಅಲ್ಲ. 1914ರಲ್ಲೇ ಮೊನಾಕೊದಲ್ಲಿ ಪೊಲೀಸರು, ವಕೀಲರು ಸೇರಿ ಇದನ್ನೇ ಮಾತಾಡಿದ್ದರು. ಕಳ್ಳ ರೈಲು ಹತ್ತಿ ಪಕ್ಕದ ದೇಶಕ್ಕೆ ಹೋದರೆ ಏನು ಮಾಡೋಣ ಅಂತ. 1923ರಲ್ಲಿ ವಿಯೆನ್ನಾದಲ್ಲಿ ಸಂಸ್ಥೆ ಕಟ್ಟಿದರು. ನಾವು 1949ರಲ್ಲಿ ಸೇರಿದೆವು.

ಹುಬ್ಬಳ್ಳಿ_ಗಿರ್ಮಿಟ್

ಹಂಗಾದ್ರೆ ರೆಡ್ ಕಾರ್ನರ್, ಬ್ಲೂ ಕಾರ್ನರ್ ಅಂತ ಟಿವಿಯವರು ಒದರೋದು ಏನ್ರೀ? 2024ರಲ್ಲಿ ಹಾಸನದ ಸಂಸದರು ಜರ್ಮನಿಗೆ ಹೋದಾಗ ದಿನಾ ಅದೇ ಸುದ್ದಿ ಇತ್ತಲ್ಲ.

ಹಳೇ_ಕಡತ

ಅದು ಬ್ಲೂ. ಬ್ಲೂ ಅಂದರೆ ‘ಈ ವ್ಯಕ್ತಿ ನಿಮ್ಮಲ್ಲಿದ್ದರೆ ಎಲ್ಲಿದ್ದಾನೆ, ಏನು ಅಂತ ತಿಳಿಸಿ’. ಹಿಡಿಯಿರಿ ಅಂತ ಅಲ್ಲ. ರೆಡ್ ಅಂದರೆ ‘ಇವನ ಮೇಲೆ ನಮ್ಮ ಕೋರ್ಟಿನ ವಾರಂಟ್ ಇದೆ, ಸಿಕ್ಕರೆ ಹಿಡಿದಿಟ್ಟುಕೊಂಡು ಹೇಳಿ ಕಳಿಸಿ’. ಯೆಲ್ಲೋ ಕಾಣೆಯಾದವರಿಗೆ. ಬ್ಲ್ಯಾಕ್ ಗುರುತು ಸಿಗದ ಶವಕ್ಕೆ. 2025ರಲ್ಲಿ ಸಿಲ್ವರ್ ಅಂತ ಹೊಸದೊಂದನ್ನು ಪ್ರಯೋಗಕ್ಕೆ ತಂದಿದ್ದಾರೆ. ಅದು ಆಸ್ತಿ, ದುಡ್ಡು ಹುಡುಕುವುದಕ್ಕೆ.

ಎಲ್ಲರೂ ತಪ್ಪು ತಿಳಿಯುವುದು ಒಂದೇ ಕಡೆ. ರೆಡ್ ನೋಟಿಸ್ ಅಂತಾರಾಷ್ಟ್ರೀಯ ವಾರಂಟ್ ಅಲ್ಲ. ಅದಕ್ಕೆ ಎಷ್ಟು ಬೆಲೆ ಅಂತ ನಿರ್ಧರಿಸುವುದು ಆಯಾ ದೇಶದ ಕಾನೂನು.

ಕುಡ್ಲದ_ಮಳೆ

ಮಾರಾಯ್ರೆ, ನಾವು ಕರಾವಳಿಯವರು ಈ ಪಾಠವನ್ನು ಪುಸ್ತಕದಲ್ಲಿ ಓದಿದ್ದಲ್ಲ.

ಒಂದು ಕಾಲದಲ್ಲಿ ನಮ್ಮಲ್ಲಿ ಬಿಲ್ಡರ್, ಜ್ಯುವೆಲ್ಲರ್, ಹೋಟೆಲಿನವರು ಯಾರೇ ಆಗಲಿ, ವಿಚಿತ್ರ ನಂಬರಿಂದ ಕಾಲ್ ಬಂದರೆ ಕೈ ನಡುಗುತ್ತಿತ್ತು. ಇಂಟರ್‌ನೆಟ್ ಕಾಲ್. ಎಲ್ಲಿಂದ ಮಾಡುತ್ತಿದ್ದಾನೆ ಅಂತ ಗೊತ್ತೇ ಆಗುತ್ತಿರಲಿಲ್ಲ. ‘ನಾನು ರವಿ ಪೂಜಾರಿ’ ಅಂದರೆ ಸಾಕು. ಆಸಾಮಿ ಉಡುಪಿ ಮಲ್ಪೆ ಕಡೆಯವನು. ಇದ್ದದ್ದು ಎಲ್ಲಿ? ಪಶ್ಚಿಮ ಆಫ್ರಿಕಾದಲ್ಲಿ. ಬುರ್ಕಿನಾ ಫಾಸೊದ ಪಾಸ್‌ಪೋರ್ಟ್, ಅದರಲ್ಲಿ ಆಂಟನಿ ಫೆರ್ನಾಂಡಿಸ್ ಅಂತ ಹೆಸರು. ‘ನಮಸ್ತೆ ಇಂಡಿಯಾ’ ಅಂತ ರೆಸ್ಟೋರೆಂಟುಗಳು. ಅಲ್ಲಿಯವರ ಕಣ್ಣಿಗೆ ಒಳ್ಳೆಯ ವ್ಯಾಪಾರಿ.

2019ರ ಜನವರಿಯಲ್ಲಿ ಸೆನೆಗಲ್‌ನ ಡಾಕರ್‌ನಲ್ಲಿ ಹಿಡಿದರು. ಮುಗಿಯಿತು ಅಂದುಕೊಂಡರೆ ಇಲ್ಲ. ಅಲ್ಲಿಯದೇ ಒಂದು ವಂಚನೆ ಕೇಸು ಅಡ್ಡ ಬಂತು. ಆಮೇಲೆ ಜಾಮೀನು ಸಿಕ್ಕಿತು. ಆಸಾಮಿ ದಕ್ಷಿಣ ಆಫ್ರಿಕಾಕ್ಕೆ ಹಾರಿದ! ಮತ್ತೆ ಅಲ್ಲಿ ಹಿಡಿದು, ಸೆನೆಗಲ್‌ಗೆ ತಂದು, ಅಲ್ಲಿಂದ ನಮ್ಮ ಕರ್ನಾಟಕ ಪೊಲೀಸರು 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ಕರೆತಂದರು. ಅಂದರೆ ಒಬ್ಬನನ್ನು ಹಿಡಿದ ಮೇಲೂ ಒಂದು ವರ್ಷ, ಮೂರು ದೇಶ.

ಬನ್ನಂಜೆ ರಾಜನದೂ ಇದೇ ಕಥೆ. ಉಡುಪಿಯವನು, 2015ರಲ್ಲಿ ಸಿಕ್ಕಿದ್ದು ಮೊರಾಕ್ಕೊದಲ್ಲಿ. ಅಂಕೋಲಾದ ಆರ್.ಎನ್. ನಾಯಕ್ ಕೊಲೆ ಕೇಸಿನಲ್ಲಿ 2022ರಲ್ಲಿ ಸಂಘಟಿತ ಅಪರಾಧಗಳಿಗೇ ಇರುವ ಬೆಳಗಾವಿಯ ಕೋಕಾ ಕೋರ್ಟು ಜೀವಾವಧಿ ಕೊಟ್ಟಿತು.

ನನಗೆ ಅನ್ನಿಸೋದು ಇಷ್ಟು. ಅಗ್ಗದ ವಿಮಾನ, ಅಗ್ಗದ ಕಾಲ್, ಕೊಂಡುಕೊಳ್ಳಬಹುದಾದ ಪಾಸ್‌ಪೋರ್ಟ್ ಇದ್ದದ್ದರಿಂದಲೇ ಇವರು ಡಾಕರ್‌ನಲ್ಲಿ ಕೂತು ಮಂಗಳೂರಿನವರನ್ನು ಹೆದರಿಸಿದ್ದು. ಕೊನೆಗೆ ಸಿಕ್ಕಿದ್ದೂ ಒಂದು ದೇಶದ ಪೊಲೀಸರು ಇನ್ನೊಂದು ದೇಶದವರಿಗೆ ಫೋನ್ ಮಾಡಿದ್ದರಿಂದಲೇ. ಹಾಗಾಗಿ ಬೆಣ್ಣೆದೋಸೆಯವರೇ, ದೊಡ್ಡಪ್ಪನಿಗೆ ಪೂರ್ತಿ ನಿರಾಸೆ ಮಾಡಬೇಡಿ.

ಅರ್ಧ_ಲೋಟ

ಅದೆಲ್ಲ ಸರಿ. ಆದರೆ ಅಷ್ಟು ವಿಮಾನ ಖರ್ಚು ಮಾಡಿದ್ದು ಯಾರಿಗಾಗಿ? ಶಾಸಕರಿಗೆ, ಬಿಲ್ಡರುಗಳಿಗೆ ಬೆದರಿಕೆ ಬಂದಿತ್ತು, ಅದಕ್ಕೆ. ನಿವೃತ್ತ ಮೇಷ್ಟ್ರ 11 ಲಕ್ಷಕ್ಕೆ ಯಾವ ಎಡಿಜಿಪಿ ಡಾಕರ್‌ಗೆ ಹೋಗುತ್ತಾರೆ?

ಕುಡ್ಲದ_ಮಳೆ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮಾರಾಯ್ರೆ. ಸತ್ಯವೇ.

ಕರಿಕೋಟು_ವಕೀಲಮ್ಮ

ಮೊದಲು ಒಂದು ಭಾಷೆಯ ತಕರಾರು. ನಮ್ಮ ಪತ್ರಿಕೆಗಳು ಎಲ್ಲದಕ್ಕೂ ‘ಗಡಿಪಾರು’ ಅಂತ ಬರೆಯುತ್ತವೆ. ಗಣೇಶನ ಹಬ್ಬಕ್ಕೆ ಮುಂಚೆ ರೌಡಿಯನ್ನು ಜಿಲ್ಲೆಯಿಂದ ಹೊರಗೆ ಹಾಕುವುದೂ ಗಡಿಪಾರು, ಮಲ್ಯರನ್ನು ಲಂಡನ್ನಿಂದ ಕರೆತರುವುದೂ ಗಡಿಪಾರು! ಒಂದು ಹೊರಗೆ ದಬ್ಬುವುದು, ಇನ್ನೊಂದು ಒಳಗೆ ಎಳೆಯುವುದು. ಎರಡನೆಯದನ್ನು ಹಸ್ತಾಂತರ ಅನ್ನೋಣ.

ಪರದೇಶ ತನ್ನ ನೆಲದಲ್ಲಿ ಬೇಡ ಅಂತ ಒಬ್ಬನನ್ನು ವಿಮಾನ ಹತ್ತಿಸಿಬಿಟ್ಟರೆ ಕೆಲಸ ಬೇಗ ಆಗುತ್ತದೆ. ಮುಂಬೈ ಭೂಗತ ಪಾತಕಿ ಛೋಟಾ ರಾಜನ್ 2015ರ ಅಕ್ಟೋಬರ್‌ನಲ್ಲಿ ಬಾಲಿಯಲ್ಲಿ ಸಿಕ್ಕ, ನವೆಂಬರ್‌ನಲ್ಲಿ ಭಾರತದಲ್ಲಿದ್ದ. ಆದರೆ ಹಸ್ತಾಂತರ ಅಂದರೆ ಕೋರ್ಟು. ನಮ್ಮಲ್ಲಿ ಅಪರಾಧ ಆದದ್ದು ಅಲ್ಲೂ ಅಪರಾಧ ಆಗಿರಬೇಕು. ಇಲ್ಲಿಯ ಜೈಲು ಹೇಗಿದೆ, ವಿಚಾರಣೆ ನ್ಯಾಯವಾಗಿ ನಡೆಯುತ್ತದಾ ಅಂತ ಅಲ್ಲಿಯ ನ್ಯಾಯಾಧೀಶರು ನೋಡುತ್ತಾರೆ. ಮಲ್ಯ ದೇಶ ಬಿಟ್ಟದ್ದು 2016ರ ಮಾರ್ಚ್. ಲಂಡನ್ ಕೋರ್ಟು ಕಳಿಸಬಹುದು ಅಂದದ್ದು 2018ರ ಡಿಸೆಂಬರ್. ಮುಂಬೈ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿನ ವಿಡಿಯೊ ಬೇರೆ ಮಾಡಿ ಕಳಿಸಿದ್ದರು, ಕಿಟಕಿಯಲ್ಲಿ ಬೆಳಕು ಬರುತ್ತೆ ಅಂತ ತೋರಿಸುವುದಕ್ಕೆ. 2020ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಆಮೇಲೆ ‘ಗೋಪ್ಯ ಕಾನೂನು ವಿಷಯ’ ಒಂದು ಬಾಕಿ ಇದೆ ಅಂತ ಕೇಸು ಅಲ್ಲೇ ನಿಂತುಬಿಟ್ಟಿತು.

ನಾನು ಕಿರಿಯರಿಗೆ ಯಾವಾಗಲೂ ಹೇಳುವ ಉದಾಹರಣೆ 1993ರ ಮುಂಬೈ ಸ್ಫೋಟದ ಅಬು ಸಲೇಂ. 2002ರಲ್ಲಿ ಲಿಸ್ಬನ್‌ನಲ್ಲಿ ಸಿಕ್ಕ. ಪೋರ್ಚುಗಲ್‌ನಲ್ಲಿ ಮರಣದಂಡನೆ ಇಲ್ಲ. ಗಲ್ಲು ಹಾಕುವುದಿಲ್ಲ, 25 ವರ್ಷಕ್ಕಿಂತ ಜಾಸ್ತಿ ಜೈಲಿನಲ್ಲಿಡುವುದಿಲ್ಲ ಅಂತ ನಮ್ಮ ಸರ್ಕಾರ ಬರೆದುಕೊಟ್ಟ ಮೇಲೆ 2005ರಲ್ಲಿ ಕೊಟ್ಟರು. ಇಲ್ಲಿ ಜೀವಾವಧಿ ಆಯಿತು. 2022ರಲ್ಲಿ ಸುಪ್ರೀಂ ಕೋರ್ಟು ಏನಂದಿತು ಗೊತ್ತಾ? ಕೊಟ್ಟ ಮಾತಿಗೆ ಸರ್ಕಾರ ಬದ್ಧ, 25 ವರ್ಷ ಮುಗಿದ ಮೇಲೆ ಬಿಡಬೇಕು. ಮುಂಬೈ ಸ್ಫೋಟದಲ್ಲಿ ಮನೆಯವರನ್ನು ಕಳಕೊಂಡವರಿಗೆ ಇದು ಕಹಿ. ಆದರೆ ಆ ಮಾತು ತಪ್ಪಿದರೆ ಮುಂದಿನ ಸಲ ಯಾವ ದೇಶ ನಮ್ಮ ಸಹಿ ನಂಬುತ್ತದೆ?

ಹುಬ್ಬಳ್ಳಿ_ಗಿರ್ಮಿಟ್

ಜೈಲಿನ ಕಿಟಕಿ ವಿಡಿಯೊ! ನಮ್ಮ ಮದುವೆ ಹಾಲ್ ಬುಕ್ ಮಾಡುವಾಗಲೂ ಇಷ್ಟು ನೋಡಿರಲಿಲ್ಲ.

ದುಬೈ_ಬಿಸಿಲು

ಗಂಭೀರ ಚರ್ಚೆ ಮಧ್ಯೆ ನನ್ನದೊಂದು. ನಾನು ಕಾಪುವಿನವನು, 14 ವರ್ಷದಿಂದ ಇಲ್ಲಿದ್ದೇನೆ. ಒಮ್ಮೆ ಊರಲ್ಲಿ ಪಾಸ್‌ಪೋರ್ಟ್ ಕಳೆಯಿತು ಅಂತ ದೂರು ಕೊಟ್ಟು ಹೊಸದು ಮಾಡಿಸಿದೆ. ಆಮೇಲೆ ಹಳೆಯದು ಅಮ್ಮನ ಸೀರೆ ಕಪಾಟಿನಲ್ಲಿ ಸಿಕ್ಕಿತು. ಮುಂದಿನ ಪ್ರಯಾಣಕ್ಕೆ ಅವಸರದಲ್ಲಿ ಹಳೆಯದನ್ನೇ ಹಿಡಿದು ಹೋದೆ. ಎರಡೂ ಒಂದೇ ಬಣ್ಣ ಅಲ್ವಾ. ಕೌಂಟರಿನಲ್ಲಿ ಸ್ಕ್ಯಾನ್ ಮಾಡಿದ ತಕ್ಷಣ ಆ ಅಧಿಕಾರಿಯ ಮುಖ ಬದಲಾಯಿತು. ಪಕ್ಕದ ಕೋಣೆಯಲ್ಲಿ ನಾಲ್ಕು ಗಂಟೆ. ತಪ್ಪು ಪೂರ್ತಿ ನನ್ನದೇ. ಆದರೆ ಕಾಪುವಿನಲ್ಲಿ ಬರೆದುಕೊಟ್ಟ ಒಂದು ಹಾಳೆ ಬೇರೆ ದೇಶದ ಕೌಂಟರಿಗೆ ನನಗಿಂತ ಮೊದಲೇ ತಲುಪಿತ್ತು. ಅದು ಹೇಗೆ?

ಹಳೇ_ಕಡತ

ನಾನು ರಿಜಿಸ್ಟರು ಅಂದದ್ದು ಇದನ್ನೇ. ಕಳೆದ, ಕದ್ದ ಪಾಸ್‌ಪೋರ್ಟುಗಳಿಗೇ ಇಂಟರ್‌ಪೋಲ್‌ನ ಒಂದು ಪಟ್ಟಿ ಇದೆ, 2002ರಿಂದ. ಕದ್ದ ಗಾಡಿಗಳದು ಬೇರೆ, ಬೆರಳಚ್ಚಿನದು ಬೇರೆ, ಕದ್ದ ವಿಗ್ರಹ, ಚಿತ್ರಗಳದು ಬೇರೆ. ನೋಟಿಸಿನ ಬಣ್ಣಕ್ಕಿಂತ ಈ ಪಟ್ಟಿಗಳೇ ದಿನನಿತ್ಯ ಕೆಲಸ ಮಾಡುವುದು. ಟಿವಿಯಲ್ಲಿ ಬರಲ್ಲ ಅಷ್ಟೇ.

ಲೀನ್_ಹಾಕಿದೆ

ನಾನು ಬೆಂಗಳೂರಿನಲ್ಲಿ ಒಂದು ಬ್ಯಾಂಕಿನ ವಂಚನೆ ತಡೆ ವಿಭಾಗದಲ್ಲಿದ್ದೇನೆ. ದೊಡ್ಡಪ್ಪನ ದುಡ್ಡಿನ ದಾರಿ ಹೇಳುತ್ತೇನೆ.

ಮೊದಲ ಖಾತೆ ಯಾರೋ ಬಡ ಹುಡುಗನದು. ಹತ್ತಿಪ್ಪತ್ತು ಸಾವಿರಕ್ಕೆ ತನ್ನ ಖಾತೆ, ಸಿಮ್, ಎಟಿಎಂ ಕಾರ್ಡ್ ಬಾಡಿಗೆಗೆ ಕೊಟ್ಟಿರುತ್ತಾನೆ. ಅದಕ್ಕೆ ನಾವು ಮ್ಯೂಲ್ ಅಂತೀವಿ. ಅಲ್ಲಿಂದ ನಿಮಿಷಗಳಲ್ಲಿ ಹತ್ತು ಖಾತೆಗೆ ಚೂರು ಚೂರು. ಅದು ಎರಡನೇ ಲೇಯರ್. ಆಮೇಲೆ ಮೂರು, ನಾಲ್ಕು. ಕೊನೆಗೆ ಯಾರೋ ಯುಎಸ್‌ಡಿಟಿ ಅನ್ನೋ ಡಿಜಿಟಲ್ ದುಡ್ಡು ಕೊಳ್ಳುತ್ತಾರೆ, ಅಲ್ಲಿಗೆ ಗಡಿ ದಾಟಿತು. ಇಷ್ಟಕ್ಕೂ ಊಟದ ಬಿಡುವಿನಷ್ಟು ಹೊತ್ತು. ಅದಕ್ಕೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಮೊದಲ ಗಂಟೆಯಲ್ಲೇ ಕಾಲ್ ಮಾಡಿ ಅಂತ ಬಡಕೊಳ್ಳುವುದು. ಗೋಲ್ಡನ್ ಅವರ್ ದಾಟಿದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಕಳ್ಳರು ಲೋಕದ ಗಡಿಯಾರವನ್ನೂ ಬಳಸುತ್ತಾರೆ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ ಕನ್ನ ಹಾಕಿದರು. ದಿನ ಗುರುವಾರ ರಾತ್ರಿ. ಬಾಂಗ್ಲಾದಲ್ಲಿ ಶುಕ್ರವಾರ, ಶನಿವಾರ ರಜೆ. ದುಡ್ಡಿದ್ದ ನ್ಯೂಯಾರ್ಕ್‌ನಲ್ಲಿ ಶನಿವಾರ, ಭಾನುವಾರ ರಜೆ. ದುಡ್ಡು ಹೋದ ಮನಿಲಾದಲ್ಲಿ ಸೋಮವಾರ ಚೀನೀ ಹೊಸ ವರ್ಷದ ರಜೆ. ಮೂರು ದೇಶದ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತಿದ್ದರು! 8.1 ಕೋಟಿ ಡಾಲರ್ ಮನಿಲಾಕ್ಕೆ ಹೋಗಿ ಕ್ಯಾಸಿನೊ ಹೊಕ್ಕಿತು. ಶ್ರೀಲಂಕಾಕ್ಕೆ ಹೊರಟ ಇನ್ನೂ 2 ಕೋಟಿ ಡಾಲರ್ ಉಳಿದದ್ದು ‘ಫೌಂಡೇಶನ್’ ಅನ್ನೋದರ ಸ್ಪೆಲಿಂಗ್ ತಪ್ಪಿದ್ದರಿಂದ. ಮೇಷ್ಟ್ರಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ಇದಕ್ಕೆ ಮದ್ದು ಇಲ್ಲ ಅಂತೇನಿಲ್ಲ. ದುಡ್ಡು ತಡೆಯುವುದಕ್ಕೇ ಇಂಟರ್‌ಪೋಲ್ 2022ರಲ್ಲಿ ಒಂದು ವ್ಯವಸ್ಥೆ ಮಾಡಿದೆ. 2024ರಲ್ಲಿ ಸಿಂಗಪುರದ ಒಂದು ಕಂಪನಿ ಸುಳ್ಳು ಇಮೇಲ್ ನಂಬಿ 4.2 ಕೋಟಿ ಡಾಲರನ್ನು ಟಿಮೋರ್ ಲೆಸ್ಟೆಗೆ ಕಳಿಸಿತು. ಬಹುಪಾಲು ಅಲ್ಲೇ ತಡೆದರು. ಅದು ಎರಡು ದೇಶದ ಪೊಲೀಸರು ನೇರವಾಗಿ ಮಾತಾಡಿದ್ದರ ಫಲ. ಆರು ಕಚೇರಿಯ ಮೊಹರು ಕಾಯುತ್ತಾ ಕೂತಿದ್ದರೆ ಆಗುತ್ತಿರಲಿಲ್ಲ.

ಬೆಣ್ಣೆದೋಸೆ_ದಾವಣಗೆರೆ

ಸ್ಪೆಲಿಂಗ್ ವಿಷಯ ಹೇಳಿದೆ. ‘ನಾನು ಹೇಳುತ್ತಿರಲಿಲ್ಲವಾ’ ಅಂದರು. ತಿಂಗಳ ಮೇಲೆ ಮೊದಲ ಸಲ ನಕ್ಕರು.

ಆದರೂ ಒಂದು ಅರ್ಥವಾಗುತ್ತಿಲ್ಲ. ಈ ಕಳ್ಳರು ಕೂತಿರುವ ಜಾಗ ಗೊತ್ತಿದೆ, ಕಟ್ಟಡ ಗೊತ್ತಿದೆ, ಯೂಟ್ಯೂಬ್‌ನಲ್ಲಿ ಡ್ರೋನ್ ವಿಡಿಯೊ ಸಹ ಇದೆ. ಹೋಗಿ ಯಾಕೆ ಹಿಡಿಯಲ್ಲ?

ಹಳೇ_ಕಡತ

ಯಾರು ಹೋಗಬೇಕು? ಮ್ಯಾನ್ಮಾರ್‌ನ ಮ್ಯಾವಡ್ಡಿ ಅಂತ ಊರು, ಥಾಯ್ಲೆಂಡ್ ಗಡಿ ಪಕ್ಕ. ಕೆಕೆ ಪಾರ್ಕ್ ಅಂತ ವಂಚಕರ ಅಡ್ಡೆಯ ಹೆಸರು ಕೇಳಿರುತ್ತೀರಿ, ಅದು ಅಲ್ಲೇ. ಆ ಭಾಗದಲ್ಲಿ ನಡೆಯುವುದು ಬಂದೂಕು ಹಿಡಿದ ಸ್ಥಳೀಯ ಪಡೆಗಳ ಮಾತು. ನಮ್ಮ ಪತ್ರಕ್ಕೆ ಉತ್ತರ ಕೊಡಬೇಕಾದ ಪೊಲೀಸರಿಗೆ ಅಲ್ಲಿ ಕಾಲಿಡಲು ಆಗದಿದ್ದರೆ ಪತ್ರ ಯಾರಿಗೆ ಬರೆಯುವುದು? 2025ರ ಫೆಬ್ರುವರಿಯಲ್ಲಿ ಥಾಯ್ಲೆಂಡ್ ಬೇಸತ್ತು ಆ ಕಡೆಗೆ ಕೊಡುತ್ತಿದ್ದ ಕರೆಂಟನ್ನೇ ಕತ್ತರಿಸಿತು. ಪೊಲೀಸ್ ಸಹಕಾರ ಅನ್ನೋದು ಕೆಲವು ಸಲ ಲೈನ್‌ಮನ್ ಕೆಲಸ.

ಇನ್ನೊಂದು ಮಾತು. ದೊಡ್ಡಪ್ಪನಿಗೆ ಕಾಲ್ ಮಾಡಿದ ಹುಡುಗ ಬಹುಶಃ ನಮ್ಮ ದೇಶದವನೇ. ‘ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ’ ಅಂತ ಕರಕೊಂಡು ಹೋಗಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಹೊಡೆದು ಕೂರಿಸಿದ್ದಾರೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ ಎರಡು ದಿನದಲ್ಲಿ 549 ಭಾರತೀಯರನ್ನು ವಾಪಸ್ ತಂದರು. ಅವರಲ್ಲಿ ಆರೋಪಿ ಯಾರು, ಬಲಿಪಶು ಯಾರು? ವಿಚಾರಿಸುವ ಅಧಿಕಾರಿಗೂ ಕಷ್ಟ.

ಕರಿಕೋಟು_ವಕೀಲಮ್ಮ

ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ವ್ಯಕ್ತಿ ಸಿಕ್ಕರೂ ಸಾಕ್ಷ್ಯ ಬೇಕು. ಚಾಟ್ ಒಂದು ದೇಶದ ಸರ್ವರಿನಲ್ಲಿ, ಕಾಲ್ ದಾಖಲೆ ಇನ್ನೊಂದರಲ್ಲಿ. ಕೋರ್ಟಿನಲ್ಲಿ ನಿಲ್ಲುವ ಹಾಗೆ ತರಿಸಬೇಕೆಂದರೆ ಇಲ್ಲಿಯ ಕೋರ್ಟಿನಿಂದ ಅಲ್ಲಿಯ ಕೋರ್ಟಿಗೆ ಕೋರಿಕೆ ಪತ್ರ. ಕ್ರಿಮಿನಲ್ ಕೇಸು ನಡೆಸುವ ಹಳೆಯ ಕಾನೂನು ಸಿಆರ್‌ಪಿಸಿಯಲ್ಲಿ ಅದು 166ಎ ಸೆಕ್ಷನ್, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ 112. ಕಕ್ಷಿದಾರರಿಗೆ ನಾನು ಒಂದು ವರ್ಷ ಅಂತ ಹೇಳುತ್ತೇನೆ. ಮನಸ್ಸಿನಲ್ಲಿ ಎರಡು ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ದಾಖಲೆಯೇ ಅಳಿಸಿಹೋಗಿರುತ್ತದೆ. ಸೈಬರ್ ಅಪರಾಧಕ್ಕೆ 2001ರ ಬುಡಾಪೆಸ್ಟ್ ಒಪ್ಪಂದ ಇದೆ, ನಾವು ಸೇರಿಲ್ಲ. ನಮ್ಮನ್ನು ಕೇಳದೆ ಬರೆದ ಒಪ್ಪಂದ ಅಂತ ನಮ್ಮ ವಾದ. ವಿಶ್ವಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಹೊಸದೊಂದನ್ನು ಒಪ್ಪಿದೆ. ಅದರ ಮೇಲೂ ಜಗಳ ಇದೆ.

ಅರ್ಧ_ಲೋಟ

ಜಗಳ ಇರಲೇಬೇಕು ಮೇಡಂ. ಇಲ್ಲಿ ಎಲ್ಲರೂ ‘ಬೇಗ ಬೇಗ’ ಅಂತಿದ್ದೀರಿ. ಆ ಪತ್ರ ನಿಧಾನವಾಗಿ ಹೋಗುವುದು ಕೆಲವರ ಜೀವ ಉಳಿಸಿದೆ.

ಹಕೀಂ ಅಲ್ ಅರೈಬಿ ಅಂತ ಬಹ್ರೇನ್‌ನ ಫುಟ್‌ಬಾಲ್ ಆಟಗಾರ. ತನ್ನ ದೇಶದಲ್ಲಿ ಹಿಂಸೆ ಅನುಭವಿಸಿ ಆಸ್ಟ್ರೇಲಿಯಾದಲ್ಲಿ ಆಶ್ರಯ ಪಡೆದಿದ್ದ. 2018ರಲ್ಲಿ ಹೆಂಡತಿ ಜೊತೆ ಬ್ಯಾಂಕಾಕ್‌ಗೆ ಹೋದರೆ ವಿಮಾನ ನಿಲ್ದಾಣದಲ್ಲೇ ಹಿಡಿದರು. ಕಾರಣ, ಬಹ್ರೇನ್ ಹಾಕಿಸಿದ ರೆಡ್ ನೋಟಿಸ್. ಆಶ್ರಯ ಪಡೆದವನ ಮೇಲೆ, ಅವನು ಬಿಟ್ಟು ಬಂದ ದೇಶದ ಮಾತಿನ ಮೇಲೆ ನೋಟಿಸ್ ಹಾಕಬಾರದು ಅನ್ನೋದು ಇಂಟರ್‌ಪೋಲ್‌ದೇ ನಿಯಮ. ತಪ್ಪು ತಿಳಿದು ನೋಟಿಸ್ ತೆಗೆದರೂ ಅವನು ಎರಡು ತಿಂಗಳಿಗೂ ಜಾಸ್ತಿ ಥಾಯ್ ಜೈಲಿನಲ್ಲಿದ್ದ. ಅದೇ ವರ್ಷ ಇಂಟರ್‌ಪೋಲ್ ಅಧ್ಯಕ್ಷ ಮೆಂಗ್ ಹಾಂಗ್ವೇ ಚೀನಾಕ್ಕೆ ಹೋದವರು ಕಾಣೆಯಾದರು. ಆಮೇಲೆ ನೋಡಿದರೆ ಅಲ್ಲಿ ಬಂಧನದಲ್ಲಿದ್ದಾರೆ. ಕಾಣೆಯಾದವರಿಗೆ ಯೆಲ್ಲೋ ನೋಟಿಸ್ ಅಂದರಲ್ಲ, ಅಧ್ಯಕ್ಷರಿಗೆ ಯಾರು ಹಾಕಬೇಕಿತ್ತು?

ರಾಜಕೀಯ, ಸೇನೆ, ಧರ್ಮ, ಜನಾಂಗದ ವಿಷಯಕ್ಕೆ ಕೈ ಹಾಕಬಾರದು ಅಂತ ಇಂಟರ್‌ಪೋಲ್ ಸಂವಿಧಾನದ 3ನೇ ವಿಧಿ ಹೇಳುತ್ತದೆ. ಆದರೆ ಅರ್ಜಿ ಬರೆಯುವವರು ‘ಇವನು ನಮ್ಮ ವಿರೋಧಿ’ ಅಂತ ಬರೆಯುತ್ತಾರಾ? ‘ವಂಚನೆ’ ಅಂತ ಬರೆಯುತ್ತಾರೆ.

ಲೀನ್_ಹಾಕಿದೆ

ಇದು ಒಪ್ಪುವ ಮಾತು. ಪೊಲೀಸರೂ ಈಗ ಕಳ್ಳರ ಹಾಗೆ ಯಾವ ದೇಶದ ಕಾನೂನು ಅನುಕೂಲ ಅಂತ ನೋಡುತ್ತಾರೆ. ಅನೋಮ್ ಕಥೆ ಗೊತ್ತಲ್ಲ? ಅಮೆರಿಕದ ಎಫ್‌ಬಿಐ, ಆಸ್ಟ್ರೇಲಿಯಾ ಪೊಲೀಸರು ಸೇರಿ ‘ಯಾರೂ ಕದ್ದು ನೋಡಲಾಗದ ಫೋನ್’ ಅಂತ ಒಂದನ್ನು ಗುಟ್ಟಾಗಿ ತಾವೇ ನಡೆಸಿದರು. ನೂರಕ್ಕೂ ಜಾಸ್ತಿ ದೇಶಗಳಲ್ಲಿ 12 ಸಾವಿರ ಫೋನ್ ಡ್ರಗ್ಸ್ ಗ್ಯಾಂಗುಗಳ ಕೈ ಸೇರಿತು. ಅವರು ಕಳಿಸಿದ ಪ್ರತಿ ಮೆಸೇಜೂ ಪೊಲೀಸರಿಗೆ. 2021ರ ಜೂನ್‌ನಲ್ಲಿ ಬಲೆ ಎಳೆದಾಗ 800ಕ್ಕೂ ಜಾಸ್ತಿ ಜನ ಒಳಗೆ. ಅಮೆರಿಕದ ಕಾನೂನು ಅಡ್ಡ ಬರುತ್ತೆ ಅಂತ ಸರ್ವರನ್ನು ಮೂರನೇ ದೇಶದಲ್ಲಿ ಇಟ್ಟಿದ್ದರು. ಕೇಳಲು ಮಜಾ ಇದೆ, ಸ್ವಲ್ಪ ಭಯವೂ ಇದೆ.

ಕುಡ್ಲದ_ಮಳೆ

ರೆಡ್ ನೋಟಿಸ್ ಇಲ್ಲದೆಯೂ ಕೆಲಸ ಆಗುತ್ತದೆ ಅನ್ನೋದಕ್ಕೆ ಉದಾಹರಣೆ ಬ್ಯಾಂಕ್ ವಂಚನೆ ಆರೋಪಿ, ವಜ್ರದ ವ್ಯಾಪಾರಿ ಮೆಹುಲ್ ಚೋಕ್ಸಿ. ಅವರ ನೋಟಿಸನ್ನು ಇಂಟರ್‌ಪೋಲ್ 2022ರಲ್ಲೇ ತೆಗೆದುಹಾಕಿತ್ತು. ಆದರೂ 2025ರ ಏಪ್ರಿಲ್‌ನಲ್ಲಿ ಬೆಲ್ಜಿಯಂನಲ್ಲಿ ಹಿಡಿದರು, ನಮ್ಮವರು ನೇರವಾಗಿ ಕೊಟ್ಟ ಹಸ್ತಾಂತರ ಕೋರಿಕೆ ಮೇಲೆ. ಹಾಗಾಗಿ ಬಣ್ಣದ ಹಿಂದೆ ಬೀಳಬೇಡಿ.

ಹಳೇ_ಕಡತ

ಬೆಣ್ಣೆದೋಸೆ ತಮ್ಮಾ, ಈಗ ನಿಮ್ಮ ಕೆಲಸಕ್ಕೆ ಬರೋಣ. ಲಿಯಾನ್ ಬಿಡಿ. 1930 ಸಹಾಯವಾಣಿಯಲ್ಲಿ ದೂರು ದಾಖಲಾದ ನಂಬರ್ ಇದೆಯಲ್ಲ, ಅದನ್ನು ಹಿಡಿದು ಸೈಬರ್ ಠಾಣೆಗೆ ಹೋಗಿ. ಯಾವ ಲೇಯರ್‌ನಲ್ಲಿ ಎಷ್ಟು ತಡೆಹಿಡಿದಿದೆ ಅಂತ ಬರಹದಲ್ಲಿ ಕೇಳಿ. ಒಂದು ರೂಪಾಯಿಗಾದರೂ ಲೀನ್, ಅಂದರೆ ಬ್ಯಾಂಕಿನ ತಡೆ, ಬಿದ್ದಿದ್ದರೆ, ಎಫ್‌ಐಆರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ಕೋರ್ಟಿಗೆ ಅರ್ಜಿ ಹಾಕಿ. ಕೋರ್ಟು ಆದೇಶ ಕೊಟ್ಟರೆ ಬ್ಯಾಂಕು ವಾಪಸ್ ಕೊಡುತ್ತದೆ.

ಕರಿಕೋಟು_ವಕೀಲಮ್ಮ

ಆ ಅರ್ಜಿ ಬಿಎನ್‌ಎಸ್‌ಎಸ್ 503ನೇ ಸೆಕ್ಷನ್ ಕೆಳಗೆ. ಅರ್ಜಿಯಲ್ಲಿ ಆ ಖಾತೆ ನಂಬರ್, ಬ್ಯಾಂಕಿನ ಶಾಖೆ ಸರಿಯಾಗಿ ಬರೆಯಿರಿ. ಅರ್ಧ ಅರ್ಜಿಗಳು ಅದಕ್ಕೇ ವಾಪಸ್ ಬರುತ್ತವೆ.

ಬೆಣ್ಣೆದೋಸೆ_ದಾವಣಗೆರೆ

ಇವತ್ತು ಹೋಗಿ ಕೇಳಿದೆ. ಎರಡನೇ ಲೇಯರ್‌ನ ಒಂದು ಖಾತೆಯಲ್ಲಿ 1 ಲಕ್ಷ 86 ಸಾವಿರ ನಿಂತಿದೆ. ಬೇರೆ ರಾಜ್ಯದ ಯಾವುದೋ ತಾಲ್ಲೂಕಿನ ಶಾಖೆ. ಉಳಿದದ್ದು ಹೋದ ಹಾಗೇ.

ದೊಡ್ಡಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಆ ಖಾತೆ ಯಾರದು ಅಂತ ಕೇಳಿದರು. ಇಪ್ಪತ್ತೊಂದು ವರ್ಷದ ಹುಡುಗನಂತೆ, ಡಿಗ್ರಿ ಓದುತ್ತಿದ್ದಾನಂತೆ ಅಂದೆ. ‘ಯಾವ ಸಬ್ಜೆಕ್ಟು?’ ಅಂದರು.

ಅರ್ಜಿಯನ್ನು ಅವರೇ ಬರೆಯುತ್ತಿದ್ದಾರೆ, ಕೈಬರಹದಲ್ಲಿ, ನಾಲ್ಕನೇ ಸಲ. ನಾಳೆ ವಕೀಲರ ಹತ್ತಿರ ಹೋಗುತ್ತೇವೆ.